ಅಂಚೆಗೆ ಬೀಳದ ಪ್ರಸಾದ

ಸುಮಿತ್ರಮ್ಮನವರನ್ನು ನಾನು ಮೊದಲು ಕಂಡದ್ದು ಮದರಾಸಿನ ತ್ರಿಪ್ಲಿಕೇನಿನಲ್ಲಿ, ಒಂದು ಭಾನುವಾರ ಬೆಳಿಗ್ಗೆ. ನಿವೃತ್ತನಾದ ಮೇಲೆ ಅಲ್ಲಿಯ ಒಂದು ಮೆಸ್ಸಿನ ಮಹಡಿಯ ಕೋಣೆಯಲ್ಲಿ ಕನ್ನಡದ ಮನೆಗಳ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದೆ. ಕೆಳಗೆ ಅಡಿಗೆಮನೆಯಲ್ಲಿ ಒಗ್ಗರಣೆ ಬಿದ್ದಾಗಲೆಲ್ಲ ಮೇಲೆ ಮಕ್ಕಳೂ ನಾನೂ ಒಟ್ಟಿಗೆ ಸೀನುತ್ತಿದ್ದೆವು. ಅಂಥ ಒಂದು ಗದ್ದಲದ ನಡುವೆ, ಹಣೆಯ ತುಂಬ ವಿಭೂತಿ ಧರಿಸಿದ, ಅರವತ್ತು ದಾಟಿದ ಹೆಂಗಸೊಬ್ಬರು ಮೊಮ್ಮಗಳ ಕೈ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು.

"ಮೇಷ್ಟ್ರೇ, ಈ ಹುಡುಗಿಗೆ ಓದಾಕೆ ಬಂದ್ರೆ ಸಾಕು. ಬರೆಯಾಕೆ ಬರದಿದ್ರೂ ಚಿಂತೆ ಇಲ್ಲ."

"ಎರಡೂ ಕಲಿಯಲಿ, ತಾಯಿ. ಅವಸರವೇನು?"

"ಅವಸರ ಐತೆ. ನಮ್ಮವ್ವ ಹಾಡು ಕಟ್ಯಾಳೆ. ಪುಸ್ತಕ ಆಗೈತೆ. ಅದನ್ನ ಇವಳು ನನಗೆ ಓದಿ ಹೇಳ್ಬೇಕು. ನನ್ನ ಕಣ್ಣಿಗೆ ಪೊರೆ ಬಂದೈತೆ. ತಲೆಗೆ ಅದಕ್ಕಿಂತ ಮೊದ್ಲೇ ಬಂದೈತೆ."

ಎಂಟು ವರ್ಷದ ಆ ಹುಡುಗಿ, ನವ್ಯಾ, ಅಜ್ಜಿಯ ಸೆರಗು ಜಗ್ಗಿ, "ಪೋಲಾಮಾ, ಪಾಟಿ?" ಎಂದಳು. ಹೋಗೋಣವೇ ಅಜ್ಜಿ ಎಂದು ತಮಿಳಿನಲ್ಲಿ ಕೇಳಿದ್ದು. ಅಜ್ಜಿ ಕನ್ನಡದಲ್ಲಿ, "ಕುಂದ್ರು ಸುಮ್ಮನೆ" ಎಂದರು. ಕೊನೆಯವರೆಗೂ ಅವರಿಬ್ಬರ ಮಾತು ನಡೆದದ್ದು ಹೀಗೆಯೇ.

"ಪುಸ್ತಕ ತಂದಿದ್ದೀರಾ?" ಎಂದು ಕೇಳಿದೆ.

"ನನ್ನ ಹತ್ರ ಇಲ್ಲ. ಸರ್ಕಾರದ ಲೈಬ್ರರಿಯಾಗೆ ಐತೆ. ಅಚ್ಚಾದದ್ದೆಲ್ಲ ಅಲ್ಲಿಗೇ ಹೋಗ್ತಾವಂತಲ್ಲ? ಹುಡುಗಿ ಕಲೀಲಿ, ಆಮೇಲೆ ಹೋಗಿ ಓದಿಸ್ಕೊಂಡು ಬಂದ್ರಾತು. ಅದೆಲ್ಲಿಗೆ ಓಡೋಗ್ತೈತೆ?"

ಆ ನಿಶ್ಚಿಂತೆ ನನಗೆ ಬಹಳ ಹಿಡಿಸಿತು. ದೇಶದಲ್ಲಿ ಅಚ್ಚಾಗುವ ಪ್ರತಿಯೊಂದು ಪುಸ್ತಕದ ಒಂದೊಂದು ಪ್ರತಿಯನ್ನು ಕಾನೂನಿನಂತೆ ಪಡೆದು ಕಾಪಾಡುವ ರಾಷ್ಟ್ರೀಯ ಗ್ರಂಥಾಲಯಗಳು ಕೆಲವೇ ಕೆಲವು. ಅವುಗಳಲ್ಲಿ ಒಂದು ನಮ್ಮ ಊರಿನಲ್ಲಿಯೇ ಇದೆ ಎಂಬುದನ್ನು ಓದಿದವರೇ ಅರಿಯರು. ಈಕೆ ಮಾತ್ರ ಅದನ್ನು ತವರುಮನೆಯ ಪೆಟ್ಟಿಗೆಯಂತೆ ನಂಬಿಕೊಂಡಿದ್ದರು.

"ಅಲ್ಲಿ ಒಂದು ಹಾಡೈತೆ, ಮೇಷ್ಟ್ರೇ. ಅದ್ರಾಗೆ ನನ್ನ ಹೆಸರು ಬರ್ತೈತೆ. ಅವ್ವ ನನ್ನ ಬಗ್ಗೆ ಏನೋ ಅಂದಾಳೆ. ಏನಂದಾಳೆ ಅನ್ನಾದು ಮರ್ತೀನಿ."

ಆ ದಿನ ಅಷ್ಟು ಹೇಳಿ ಮೊಮ್ಮಗಳನ್ನು ಕೂರಿಸಿ, ತಾವೂ ಹಿಂದಿನ ಸಾಲಿನಲ್ಲಿ ಕುಳಿತರು.

ಮುಂದೆ ಭಾನುವಾರಗಳು ಕಳೆದಂತೆ ಅವರ ಕಥೆ ತಿಳಿಯಿತು. ತಂದೆ ಗಂಗಾಧರಪ್ಪನವರು ಹರಿಹರದ ಕಡೆಯಿಂದ ಬಂದು ಮದರಾಸಿನಲ್ಲಿ ಒಣಮೆಣಸಿನಕಾಯಿಯ ವ್ಯಾಪಾರಕ್ಕೆ ನಿಂತವರು. ಮನೆ ತಿರುವೊಟ್ಟಿಯೂರಿನಲ್ಲಿ, ಸಮುದ್ರದ ಸದ್ದು ಕೇಳುವಷ್ಟು ಹತ್ತಿರ. ಸುಮಿತ್ರಮ್ಮ ಇಂದಿಗೂ ಇರುವುದು ಅಲ್ಲಿಯೇ. ತಾಯಿ ಗುಣವತಮ್ಮನವರಿಗೆ ಅಕ್ಷರ ಬಾರದು, ಆದರೆ ಹಾಡು ಬರುತ್ತಿತ್ತು. ಹಿಟ್ಟು ರುಬ್ಬುವಾಗ, ಬೆಳಗಿನಲ್ಲಿ ಲಿಂಗಪೂಜೆಗೆ ಕುಳಿತಾಗ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಾಗ ಆಕೆ ತಾವೇ ಕಟ್ಟಿ ಹಾಡುತ್ತಿದ್ದರು. ಮೊದಮೊದಲು ತಾವು ಮೂಗು ಮುಚ್ಚಿಕೊಂಡು ದಾಟುತ್ತಿದ್ದ ಮೀನುಗಾರರ ಕೇರಿಯ ಹೆಂಗಸೊಬ್ಬಳು ಆಮೇಲೆ ಗೆಳತಿಯಾದದ್ದು ಒಂದು ಹಾಡು. ಪಕ್ಕದ ಮಣಲಿಯಲ್ಲಿ ಎಣ್ಣೆ ಶುದ್ಧಿ ಮಾಡುವ ಕಾರ್ಖಾನೆಗಳೆದ್ದು, ಕೊಳವೆಯ ತುದಿಯಲ್ಲಿ ಹಗಲಿರುಳೂ ಆರದ ಬೆಂಕಿ ಕಂಡಾಗ, ಇದು ಯಾರು ಹಚ್ಚಿದ ನಂದಾದೀಪ ಎಂದು ಕೇಳಿದ್ದು ಇನ್ನೊಂದು. ತಮಿಳಿನ ಮಾತುಗಳು ಆ ಹಾಡುಗಳಲ್ಲಿ ನೆಂಟರಂತೆ ಬಂದು ಕೂರುತ್ತಿದ್ದವಂತೆ. ಕರ್ನಾಟಕದ ಯಾವ ಊರಿನಲ್ಲಿಯೂ ಯಾರೂ ಅಂಥ ಹಾಡು ಕಟ್ಟಿರಲಾರರು. ಈ ಊರಿನ ತಮಿಳರೂ ಕಟ್ಟಿರಲಾರರು. ಇಲ್ಲಿಗೆ ಬಂದು ನೆಲೆಸಿದ ಒಂದು ಹಿಡಿ ಜನ ಏನು ಕಂಡರು, ಏನು ತಿಂದರು, ಯಾವುದಕ್ಕೆ ಅತ್ತರು ಎಂಬುದಕ್ಕೆ ಆ ಹಾಡುಗಳ ಹೊರತು ಬೇರೆ ಸಾಕ್ಷಿಯಿರಲಿಲ್ಲ.

ಗುಣವತಮ್ಮನವರು ತೀರಿಕೊಂಡಾಗ ಗಂಗಾಧರಪ್ಪನವರು ಮಾಡಿದ ಕೆಲಸ ಬಂಧುಗಳನ್ನೆಲ್ಲ ಬೆರಗುಗೊಳಿಸಿತು. ಹೆಂಡತಿ ಹಾಡುವಾಗ ಕೇಳದವರಂತೆ ಕೂತಿರುತ್ತಿದ್ದ ಆ ಮಿತಭಾಷಿ ಎಲ್ಲವನ್ನೂ ಗುಟ್ಟಾಗಿ ಬರೆದುಕೊಂಡಿದ್ದರು. ತ್ರಿಪ್ಲಿಕೇನಿನಲ್ಲಿ ಕನ್ನಡದ ಅಚ್ಚುಕೂಟ ನಡೆಸುತ್ತಿದ್ದ ಅಪ್ಪಾಜಿಯವರ ಹತ್ತಿರ ಅದನ್ನು ಚಿಕ್ಕ ಪುಸ್ತಕವಾಗಿ ಅಚ್ಚು ಹಾಕಿಸಿದರು. ಶಿವಗಣಾರಾಧನೆಯ ದಿನ, ಎಂದರೆ ತೀರಿಕೊಂಡವರ ಹೆಸರಿನಲ್ಲಿ ಅಯ್ಯನವರಿಗೂ ಬಂಧುಗಳಿಗೂ ಊಟವಿಕ್ಕುವ ದಿನ, ಬಂದವರಿಗೆಲ್ಲ ಒಂದು ವಿಭೂತಿ ಗಟ್ಟಿ, ಒಂದು ಬಾಳೆಹಣ್ಣು, ಅದರ ಜೊತೆಗೆ ಒಂದು ಪುಸ್ತಕ ಕೊಟ್ಟರು.

ಜನ ಅದನ್ನು ಕಣ್ಣಿಗೊತ್ತಿಕೊಂಡರು. ಮನೆಗೆ ಒಯ್ದು ದೇವರ ಗೂಡಿನಲ್ಲಿಟ್ಟರು. ಹಬ್ಬದ ದಿನ ಮೂರು ಬೆರಳಿನಿಂದ ವಿಭೂತಿ ಬಳಿದು ಹೂವೇರಿಸಿದರು. ತೆರೆದು ಓದಿದವರು ಮಾತ್ರ ಕಡಿಮೆ.

"ಅಚ್ಚಾತಲ್ಲ, ಇನ್ಯಾಕೆ ಬಾಯಿಪಾಠ ಅಂತ ನಾವೂ ಬಿಟ್ವಿ," ಎಂದರು ಸುಮಿತ್ರಮ್ಮ. "ಮೊದ್ಲು ಮನೆಯಾಗಿನ ಹೆಣ್ಮಕ್ಳಿಗೆಲ್ಲ ಬರ್ತಿತ್ತು. ಪುಸ್ತಕ ಬಂದ ಮ್ಯಾಲೆ ಒಬ್ಬರಿಗೂ ಇಲ್ಲ."

ಅವರ ಬಾಯಲ್ಲಿ ಉಳಿದದ್ದು ಒಂದೇ ತುಣುಕು. ಅದೇ ಅವರ ಹೆಸರು ಬರುವ ಹಾಡಿನ ಮೊದಲ ಸಾಲುಗಳು:

ಸಿಹಿನೀರ ಬಾವಿ ಬಿಟ್ಟು ಉಪ್ಪುನೀರಿಗೆ ಬಂದೆ
ಗಂಟಿನಾಗ ಏನೂ ತರಲಿಲ್ಲ, ನನ ಲಿಂಗ
ಅಂಗೈಲಿ ಕುಂತು ನಗತಿತ್ತ

ಇಷ್ಟು ಹಾಡಿ ನಿಲ್ಲಿಸುತ್ತಿದ್ದರು. ಮುಂದೆ ಧಾಟಿ ಗೊತ್ತು, ಮಾತು ಗೊತ್ತಿಲ್ಲ.

ನಿಮ್ಮ ಪ್ರತಿ ಏನಾಯಿತು ಎಂದು ನಾನೊಮ್ಮೆ ಕೇಳಿದೆ. ಅವರು ನೆಲ ನೋಡುತ್ತ ಹೇಳಿದರು. ಕೆಲವು ವರ್ಷಗಳ ಮೇಲೆ ಗಂಗಾಧರಪ್ಪನವರೂ ಲಿಂಗೈಕ್ಯರಾದರು. ನಮ್ಮವರಲ್ಲಿ ಸುಡುವುದಿಲ್ಲ. ಸಮಾಧಿಯ ಗುಣಿಯಲ್ಲಿ ಪದ್ಮಾಸನ ಹಾಕಿ ಕೂರಿಸಿ, ಎಡಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ ಬಿಲ್ವಪತ್ರೆಗಳಿಂದ ಮುಚ್ಚುತ್ತಾರೆ. ಅಪ್ಪನನ್ನು ಹಾಗೆ ಕೂರಿಸಿದಾಗ ಮಗಳಿಗೆ ಅವರು ಒಬ್ಬರೇ ಹೋಗುತ್ತಿದ್ದಾರೆ ಎನಿಸಿತು. ತಮ್ಮ ಪುಸ್ತಕವನ್ನು ತಂದು ಅಪ್ಪನ ತೊಡೆಯ ಮೇಲಿಟ್ಟರು. ಅಯ್ಯನವರೂ ತಲೆಯಾಡಿಸಿದರು. ಬೇರೆ ಮನೆಗಳಲ್ಲಿ ಬೇಕಾದಷ್ಟಿವೆ. ಇಲ್ಲದಿದ್ದರೂ ಸರ್ಕಾರದ ಲೈಬ್ರರಿಯಲ್ಲಿ ಒಂದು ಇದ್ದೇ ಇದೆ. ಅಪ್ಪಾಜಿಯವರು ತಮ್ಮಲ್ಲಿ ಅಚ್ಚಾದದ್ದನ್ನೆಲ್ಲ ತಪ್ಪದೆ ಕಳಿಸುತ್ತಾರೆಂಬುದು ಊರಿಗೇ ಗೊತ್ತಿದ್ದ ಸಂಗತಿ.

ಕೊರೋನಾದ ಕಾಲ ಕಳೆದು ತರಗತಿ ಮತ್ತೆ ಆರಂಭವಾದಾಗ ನವ್ಯಾ ಒತ್ತಕ್ಷರ ದಾಟಿದ್ದಳು. ಒಂದು ದಿನ ಮೂವರೂ ಗ್ರಂಥಾಲಯಕ್ಕೆ ಹೊರಟೆವು. ಸುಮಿತ್ರಮ್ಮನವರು ತಲೆಗೆ ಸ್ನಾನ ಮಾಡಿ, ಮದುವೆಗೆ ಉಡುವ ಸೀರೆ ಉಟ್ಟು ಬಂದಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಕಾವಲಿನವನು ತಮಿಳಿನಲ್ಲಿ, "ಹಾಕ್ಕೊಂಡೇ ಹೋಗಿ, ಅಮ್ಮಾ, ಇದು ಕೋವಿಲ್ ಅಲ್ಲ," ಎಂದ. "ನೀ ಸುಮ್ನಿರಪ್ಪಾ, ನಿನಗೇನ್ ಗೊತ್ತು," ಎಂದು ಕನ್ನಡದಲ್ಲಿ ಹೇಳಿ ಬರಿಗಾಲಿನಲ್ಲಿಯೇ ಒಳಗೆ ನಡೆದರು.

ಕನ್ನಡ ವಿಭಾಗದಲ್ಲಿದ್ದ ತರುಣ ಅಭಿಲಾಷ್ ಮೈಸೂರಿನ ಕಡೆಯವನು, ಕೆಲಸಕ್ಕೆಂದು ಈಚೆಗೆ ಇಲ್ಲಿಗೆ ಬಂದವನು. ಕನ್ನಡ ಕೇಳಿ ಅವನ ಮುಖ ಅರಳಿತು. ಗಣಕಯಂತ್ರದಲ್ಲಿ ಹುಡುಕಿದ. ಹಳೆಯ ಕಾರ್ಡುಗಳ ಡ್ರಾಯರುಗಳನ್ನು ಎಳೆದು ನೋಡಿದ. ಗುಣವತಮ್ಮ ಎಂದು ನೋಡಿದ, ಗಂಗಾಧರಪ್ಪ ಎಂದು ನೋಡಿದ, ಹಾಡು ಎಂದು ನೋಡಿದ.

"ಪ್ರೆಸ್ಸಿನ ಹೆಸರು ಗೊತ್ತಾ, ಅಮ್ಮ? ಅದರಿಂದ ನೋಡೋಣ."

ಹೆಸರು ಹೇಳಿದರು. ಅಭಿಲಾಷ್ ಒಳಗೆ ಹೋಗಿ ತುಸು ಹೊತ್ತಿನಲ್ಲಿ ಒಂದು ತೆಳ್ಳನೆಯ ಪುಸ್ತಕ ಹಿಡಿದು ಬಂದ. ಸುಮಿತ್ರಮ್ಮ ಎದ್ದು ನಿಂತರು. ಎರಡೂ ಕೈ ಚಾಚಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ಮೊಮ್ಮಗಳ ಮುಂದೆ ಇಟ್ಟರು.

"ಓದೇ."

ನವ್ಯಾ ಬೆರಳಿಟ್ಟು ಓದಿದಳು. ಒಂದು ಅಕ್ಷರವೂ ತಪ್ಪಲಿಲ್ಲ. "ಲಾಡ್ಜು ಮತ್ತು ಛತ್ರಗಳಲ್ಲಿ ತಿಗಣೆ ನಿವಾರಣೆ. ಮೊದಲನೆಯ ಅಧ್ಯಾಯ. ತಿಗಣೆಯ ಸ್ವಭಾವ."

ಸುಮಿತ್ರಮ್ಮ ನನ್ನ ಕಡೆ ನೋಡಿದರು. ನಾನು ಅಭಿಲಾಷನ ಕಡೆ ನೋಡಿದೆ.

"ಅದೇ ಪ್ರೆಸ್ಸು, ಅದೇ ವರ್ಷ," ಎಂದ ಅವನು ತಗ್ಗಿದ ದನಿಯಲ್ಲಿ. "ಅವರು ಕಳಿಸಿರೋದ್ರಲ್ಲಿ ಇದೊಂದು. ಇನ್ನು ಕೆಲವು ಇವೆ. ಜಾತಕದ್ದು, ಹೊಲಿಗೆ ಕಲಿಯೋದು. ನೀವು ಹೇಳಿದ್ದು ಬಂದೇ ಇಲ್ಲ, ಅಮ್ಮ."

"ಸರಿಯಾಗಿ ನೋಡಪ್ಪಾ. ಎಲ್ಲಾದ್ರೂ ಸೇರ್ಕೊಂಡಿರ್ತೈತೆ."

"ಬಂದಿದ್ರೆ ಬರೆದಿರ್ತಾರೆ. ಬಂದದ್ದನ್ನ ನಾವು ಬಿಡಲ್ಲ. ಒಳ್ಳೇದು ಕೆಟ್ಟದ್ದು ಅಂತ ಆರಿಸೋ ಹಾಗಿಲ್ಲ ಇಲ್ಲಿ. ತಿಗಣೆನೂ ಅಷ್ಟೇ, ಪುರಾಣನೂ ಅಷ್ಟೇ. ಕಳಿಸದೇ ಇದ್ದದ್ದನ್ನ ಮಾತ್ರ ಏನೂ ಮಾಡಕ್ಕಾಗಲ್ಲ."

ಆ ತಿಗಣೆಯ ಪುಸ್ತಕವನ್ನು ನಾನು ಕೈಯಲ್ಲಿ ಹಿಡಿದು ನೋಡಿದೆ. ನಾಲ್ಕು ದಶಕಗಳಾದರೂ ಒಂದು ಹಾಳೆ ಮುರಿದಿರಲಿಲ್ಲ. ಗಟ್ಟಿ ರಟ್ಟು ಹಾಕಿ ಹೊಲಿದಿದ್ದರು. ಹುಳು ಹತ್ತದಂತೆ, ತೇವ ತಾಗದಂತೆ, ಎಷ್ಟು ಜನರ ಕೈಗಳು ಅದನ್ನು ಕಾದಿದ್ದವೋ. ಬರೆದವನ ಮನೆಯವರಿಗೇ ಅದರ ನೆನಪಿರಲಾರದು. ಆದರೂ ಅದು ಉಳಿದಿತ್ತು, ಇನ್ನು ನೂರು ವರ್ಷ ಉಳಿಯುತ್ತದೆ. ಒಂದು ಗ್ರಂಥಾಲಯ ಎಂದರೆ ಏನೆಂಬುದು ನನಗೆ ಅಂದು ತಿಳಿದಷ್ಟು ಸ್ಪಷ್ಟವಾಗಿ ಮೊದಲು ತಿಳಿದಿರಲಿಲ್ಲ. ತಿಳಿದು ಆದ ಪ್ರಯೋಜನವೇನೂ ಇರಲಿಲ್ಲ.

ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುತ್ತ ಸುಮಿತ್ರಮ್ಮ ಕೇಳಿದರು: "ತಿಗಣೆ ಕಳ್ಸಿದ ಅಪ್ಪಾಜಿ ನಮ್ಮವ್ವನ್ನ ಯಾಕೆ ಕಳಿಸ್ಲಿಲ್ಲ?"

ಅಪ್ಪಾಜಿಯವರು ಇನ್ನೂ ಇದ್ದರು. ಅಚ್ಚುಕೂಟವಿದ್ದ ಜಾಗದಲ್ಲಿ ಈಗ ಜೆರಾಕ್ಸ್ ಅಂಗಡಿ. ಮೇಲೆ ಮಗನ ಮನೆ. ಕಿವಿ ಮಂದವಾಗಿತ್ತು, ನೆನಪು ಮಂದವಾಗಿರಲಿಲ್ಲ. ಯಾರ ಮಗಳೆಂದು ಹೇಳಿದ ಕೂಡಲೇ, "ಗಂಗಾಧರಪ್ಪನ ಮಗಳಾ? ಬಾಮ್ಮ. ನಿಮ್ಮಪ್ಪ ಪ್ರೂಫ್ ನೋಡೋಕೆ ಬಂದ್ರೆ ಇಡೀ ಪ್ರೆಸ್ಸು ಮೆಣಸಿನಕಾಯಿ ಘಾಟು," ಎಂದು ನಕ್ಕರು.

"ಅಣ್ಣಾ, ಅವ್ವನ ಪುಸ್ತಕ ಲೈಬ್ರರಿಗೆ ಹೋಗಿಲ್ವಂತೆ."

ಎರಡನೆಯ ಸಲ ಜೋರಾಗಿ ಹೇಳಬೇಕಾಯಿತು. ಅಪ್ಪಾಜಿಯವರ ನಗು ನಿಂತಿತು.

"ನಾನು ಕವರಿಗೆ ಹಾಕಿದ್ದೆ, ಕಣಮ್ಮ. ವಿಳಾಸ ಬರೆದು ಅಂಟಿಸಿಟ್ಟಿದ್ದೆ. ನಿಮ್ಮಪ್ಪ ನೋಡಿ, ಇದ್ಯಾರಿಗೆ ಅಂದ್ರು. ಹೀಗೆ, ಕಾನೂನು, ಒಂದು ಕಳಿಸ್ಬೇಕು ಅಂದೆ. ಅವರ ಮುಖ ಕೆಂಪಾಯ್ತು. ಅಪ್ಪಾಜಿ, ಇದು ಪುಸ್ತಕ ಅಲ್ಲ, ವಿಭೂತಿ ಜೊತೆ ಕೊಡೋದು, ಪ್ರಸಾದ. ಪ್ರಸಾದಕ್ಕೆ ಠಸ್ಸೆ ಹೊಡೆದು ಅಂಚೆಗೆ ಹಾಕ್ತಾರೇನು, ಯಾರ್ಯಾರ ಕಾಲಡಿ ಬೀಳುತ್ತೋ ಅಂದ್ರು. ನನ್ನ ಕೈ ಹಿಡ್ಕೊಂಡುಬಿಟ್ರು. ಹೆಂಡ್ತಿ ಹೋದ ಮನುಷ್ಯ. ನಾನೇನು ವಾದ ಮಾಡಲಿ?"

"ನಿಮ್ಮ ಹತ್ರ ಒಂದೂ ಉಳೀಲಿಲ್ವಾ?"

"ಪ್ರೆಸ್ಸು ಮುಚ್ಚಿದಾಗ ಅಚ್ಚಿನ ಮೊಳೆನೆಲ್ಲ ತೂಕಕ್ಕೆ ಹಾಕಿದ್ವಿ. ಕಾಗದ ಗೆದ್ದಲಿಗೆ ಹೋಯ್ತು."

"ಕವರಿನಾಗೆ ಹಾಕಿದ್ರಲ್ಲ, ಆ ಪುಸ್ತಕ?"

"ಅವರೇ ಕವರ್ ಹರಿದು ತಗೊಂಡ್ರು. ಮಗಳಿಗೆ ಕೊಡ್ತೀನಿ ಅಂದ್ರು."

ಸೊಸೆ ತಂದಿಟ್ಟ ಕಾಫಿ ಆರಿತು. ಮೆಟ್ಟಿಲಿಳಿಯುವಾಗ ಸುಮಿತ್ರಮ್ಮ ನನ್ನ ಹೆಗಲು ಹಿಡಿದುಕೊಂಡರು. ಅವರು ಗುಣಿಯಲ್ಲಿ ಅಪ್ಪನ ತೊಡೆಯ ಮೇಲಿಟ್ಟದ್ದು ಆ ಪ್ರತಿಯನ್ನೇ.

ಉಳಿದದ್ದು ಬಂಧುಗಳ ಮನೆಗಳು. ಆ ಮಳೆಗಾಲ ಮುಗಿಯುವವರೆಗೆ ಸುಮಿತ್ರಮ್ಮನವರು ಮಗಳು ಭವಾನಿಯ ಜೊತೆ ಊರೆಲ್ಲ ತಿರುಗಿದರು. ಎಲ್ಲ ಕಡೆಯೂ ಮರ್ಯಾದೆಯಿಂದ ಕೂರಿಸಿದರು, ಉಪ್ಪಿಟ್ಟು ಕೊಟ್ಟರು. ಪುಸ್ತಕ ಎಲ್ಲಿಯೂ ಇರಲಿಲ್ಲ. ಕಾರಣವೂ ಎಲ್ಲ ಕಡೆ ಒಂದೇ. ಹಳೆಯ ಮನೆ ಬಿಟ್ಟು ಫ್ಲಾಟಿಗೆ ಹೋಗುವಾಗ ದೇವರ ಗೂಡು ಚಿಕ್ಕದಾಗಿತ್ತು. ಮಕ್ಕಳಿಗೆ ಓದಲು ಬಾರದು. ಆದರೆ ವಿಭೂತಿ ಬಳಿದ ಪುಸ್ತಕವನ್ನು ರದ್ದಿಯವನಿಗೆ ಹಾಕಬಾರದು, ತುಳಿಯುವ ಕಡೆ ಬಿಸಾಡಬಾರದು. ಆದ್ದರಿಂದ ಬಾಡಿದ ಹೂವು, ಮುಕ್ಕಾದ ಪಟಗಳ ಜೊತೆ ಅದನ್ನೂ ಬಟ್ಟೆಯಲ್ಲಿ ಕಟ್ಟಿ, ಕೈಮುಗಿದು ಸಮುದ್ರಕ್ಕೆ ಬಿಟ್ಟಿದ್ದರು.

ಕೊನೆಯದಾಗಿ ಹೋದದ್ದು ಮಣಲಿಯಲ್ಲಿದ್ದ ಅಣ್ಣನ ಮಗ ನಂಜುಂಡನ ಮನೆಗೆ. ಅಂದು ನಾನೂ ಜೊತೆಯಲ್ಲಿದ್ದೆ.

"ಇತ್ತು, ಅತ್ತೆ," ಎಂದ ನಂಜುಂಡ. ಸುಮಿತ್ರಮ್ಮನವರ ಕೈ ಗಲ್ಲಕ್ಕೆ ಹೋಯಿತು. "ಹೋದ ಸಲ ಪ್ರವಾಹ ಬಂತಲ್ಲ, ನೀರಿನ ಜೊತೆ ಎಣ್ಣೆನೂ ಬಂತು. ಗೂಡಿನವರೆಗೂ ಏರ್ತು. ಪುಸ್ತಕ ಪೂರ್ತಿ ಅಂಟಂಟು. ಮೈಲಿಗೆ ಆಗಿದ್ದನ್ನ ಇಟ್ಕೊಳ್ಳೋದು ಹ್ಯಾಗೆ? ನಿಮ್ಮ ತಿರುವೊಟ್ಟಿಯೂರಿಗೇ ತಂದು ಸಮುದ್ರಕ್ಕೆ ಬಿಟ್ವಿ, ನಿಮ್ಮನೆ ಹಿಂದೆನೇ."

"ನಮ್ಮನೆ ಹಿಂದೆ?"

"ಹೂಂ. ನಿಮ್ಮನ್ನ ಮಾತಾಡ್ಸೋಣ ಅಂದ್ಕೊಂಡ್ವಿ, ನೀವು ಮಲಗಿದ್ರಂತೆ."

"ಒಂದು ಸಲ ಎಬ್ಬಿಸಬಾರ್ದೇನೋ."

"ಎಬ್ಬಿಸಿದ್ರೆ ಬೈತೀರಿ, ಎಬ್ಬಿಸದಿದ್ರೆ ಹಿಂಗೆ. ನಾವೇನು ಪೇಪರ್‌ನವನಿಗೆ ತೂಕಕ್ಕೆ ಹಾಕಿದ್ವಾ, ಅತ್ತೆ? ಕಾಯಿ ಒಡೆದು ಕಳಿಸ್ಕೊಟ್ವಿ."

ಅವನ ಮೇಲೆ ಸಿಟ್ಟು ಮಾಡುವುದು ಹೇಗೆ? ಒಬ್ಬನೂ ಅಲಕ್ಷ್ಯದಿಂದ ಕಳೆದಿರಲಿಲ್ಲ. ಗಂಡ ಪ್ರಸಾದವೆಂದು ತಡೆದಿದ್ದ, ಮಗಳು ಪ್ರೀತಿಯಿಂದ ಮಣ್ಣಿಗಿಟ್ಟಿದ್ದಳು, ನೆಂಟರು ಕೈಮುಗಿದು ನೀರಿಗೆ ಬಿಟ್ಟಿದ್ದರು. ಒಬ್ಬನೇ ಒಬ್ಬ ಅದನ್ನು ಬರಿಯ ಪುಸ್ತಕ ಎಂದುಕೊಂಡು ಅಂಚೆಗೆ ಹಾಕಿದ್ದರೆ ಇಂದು ಅದು ತಿಗಣೆಯ ಪಕ್ಕದಲ್ಲಿ ಸುಖವಾಗಿ ಇರುತ್ತಿತ್ತು.

ಹಿಂತಿರುಗುವ ಬಸ್ಸಿನಲ್ಲಿ ಸುಮಿತ್ರಮ್ಮ ಬಹಳ ಹೊತ್ತು ಕಿಟಕಿಯ ಹೊರಗೆ ಕೊಳವೆಯ ತುದಿಯ ಬೆಂಕಿ ನೋಡುತ್ತ ಕುಳಿತಿದ್ದರು. ಆಮೇಲೆ ಕೇಳಿದರು:

"ಮೇಷ್ಟ್ರೇ, ಕಾಗದ ಮಣ್ಣಾಗೆ ಎಷ್ಟು ವರ್ಷ ಇರ್ತೈತೆ?"

ನಾನು ಅವರ ಕಡೆ ತಿರುಗಿದೆ.

"ಸಮಾಧಿ ತೆಗೆಯಾಕೆ ಬರಲ್ಲ, ಗೊತ್ತು. ಸುಮ್ಮಾ ಕೇಳಿದೆ."

ಭವಾನಿ ತಾಯಿಯ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು.

ಮುಂದೊಂದು ದಿನ, ಅವರ ಸಂಕಟ ನೋಡಲಾರದೆ, ಆ ಮೂರು ಸಾಲಿಗೆ ಹೊಂದುವಂತೆ ನಾನೇ ಇನ್ನಾರು ಸಾಲು ಕೂಡಿಸಿ ಓದಿದೆ. ಅವರ ಹೆಸರೂ ಅದರಲ್ಲಿ ಬರುವಂತೆ ಮಾಡಿದ್ದೆ. ತಾಳ್ಮೆಯಿಂದ ಪೂರ್ತಿ ಕೇಳಿದರು.

"ಚಂದ ಐತೆ. ಆದ್ರೆ ನಿಮ್ಮ ಮಾತು ನಮ್ಮವ್ವನ ಬಾಯಿಗೆ ತುರುಕಬ್ಯಾಡ್ರಿ, ಮೇಷ್ಟ್ರೇ. ಅವಳು ನನ್ನ ಹೊಗಳಿದ್ಲೋ ಬೈದಿದ್ಲೋ, ಯಾರಿಗೆ ಗೊತ್ತು?"

ಕಾಗದವನ್ನು ನಾನು ಮಡಿಸಿ ಜೇಬಿಗೆ ಹಾಕಿಕೊಂಡೆ.

ಈಗ ಸುಮಿತ್ರಮ್ಮನವರು ನಮ್ಮವರಲ್ಲಿ ಎಲ್ಲಿ ಶಿವಗಣಾರಾಧನೆ ನಡೆದರೂ ತಪ್ಪದೆ ಹೋಗುತ್ತಾರೆ. ಊಟವಾದ ಮೇಲೆ ಮನೆಯವರ ಹತ್ತಿರ, ಏನಾದರೂ ಅಚ್ಚು ಹಾಕಿಸಿದ್ದೀರಾ, ನನಗೆ ಎರಡು ಕೊಡಿ ಎಂದು ಕೇಳುತ್ತಾರೆ. ಒಂದು ಕೈಗೆ, ಒಂದು ಅಂಚೆಗೆ. ಅದಕ್ಕೆಂದು ಕಂದು ಬಣ್ಣದ ಕವರುಗಳನ್ನು ಕೊಂಡು, ಅಭಿಲಾಷನಿಂದ ಗ್ರಂಥಾಲಯದ ವಿಳಾಸ ಪಡೆದು, ನವ್ಯಾಳ ಕೈಯಲ್ಲಿ ಎಲ್ಲದರ ಮೇಲೂ ಬರೆಸಿದ್ದಾರೆ. ಎಷ್ಟೋ ಸಲ ಬರೆಸಿದ್ದರಿಂದ ಆ ವಿಳಾಸ ಪಿನ್‌ಕೋಡಿನ ಸಮೇತ ಅವರಿಗೆ ಬಾಯಿಪಾಠವಾಗಿಬಿಟ್ಟಿದೆ. "ಕವರಜ್ಜಿ ಬಂತು" ಎಂದು ಹುಡುಗರು ನಗುತ್ತಾರೆ. ಆದರೆ ಈಗ ಯಾರೂ ಅಚ್ಚು ಹಾಕಿಸುವುದಿಲ್ಲ. ತೀರಿಕೊಂಡವರ ಪಟ, ಎರಡು ವಚನ, ಊಟದ ಹೊತ್ತು, ಎಲ್ಲ ವಾಟ್ಸಾಪಿನಲ್ಲಿ ಬರುತ್ತದೆ. ಹೋದ ತಿಂಗಳು ಒಬ್ಬ ತರುಣ ಮೊಬೈಲ್ ತೆರೆದು ತೋರಿಸಿ, "ಇದನ್ನೇ ನಿಮಗೆ ಫಾರ್ವರ್ಡ್ ಮಾಡ್ಲಾ, ಅಜ್ಜಿ?" ಎಂದ. ಕವರುಗಳು ಇನ್ನೂ ಖಾಲಿಯೇ ಇವೆ. ನನ್ನ ತರಗತಿಗೂ ಈಗ ಇಬ್ಬರೇ ಬರುತ್ತಾರೆ. ನವ್ಯಾಳಿಗೆ ಟ್ಯೂಷನ್ ಆರಂಭವಾಗಿದೆ.

ಬೆಳಿಗ್ಗೆ ಅವರ ಮನೆಯಲ್ಲಿ ಪೂಜೆಯ ಹೊತ್ತಿಗೆ ನಾನೊಮ್ಮೊಮ್ಮೆ ಹೋಗುವುದುಂಟು. ಸುಮಿತ್ರಮ್ಮ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಆ ಮೂರು ಸಾಲು ಹಾಡುತ್ತಾರೆ. ಮುಂದಿನದನ್ನು ತುಟಿ ಮುಚ್ಚಿ ಗುನುಗುತ್ತಾರೆ. ಸುಮಾರು ಉದ್ದವೇ ಇದೆ. ನವ್ಯಾಳ ತಮ್ಮ ತೇಜುವಿಗೆ ಈಗ ನಾಲ್ಕು ವರ್ಷ. ಅಜ್ಜಿಯ ಪಕ್ಕದಲ್ಲಿ ಕಾಲು ಮಡಿಸಿ ಕುಳಿತು ಅವನೂ ಮೂರು ಸಾಲು ಹಾಡಿ, ತುಟಿ ಬಿಗಿದು, ಕಣ್ಣು ಮುಚ್ಚಿ ಗುನುಗುತ್ತಾನೆ. ಎಲ್ಲಿ ಏರಬೇಕೋ ಅಲ್ಲಿ ಏರಿಸುತ್ತಾನೆ, ಎಲ್ಲಿ ಎಳೆಯಬೇಕೋ ಅಲ್ಲಿ ಎಳೆಯುತ್ತಾನೆ. ಹಾಡು ಇರುವುದೇ ಹಾಗೆ ಎಂದು ಅವನು ತಿಳಿದಿದ್ದಾನೆ.

ಸುಮಿತ್ರಮ್ಮ ತಿದ್ದುವುದಿಲ್ಲ. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಮೂರು ಬೆರಳಿನಿಂದ ಅವನ ಹಣೆಗೆ ಹಚ್ಚಿ, ಇನ್ನೊಮ್ಮೆ ಹಾಡು ಎನ್ನುತ್ತಾರೆ.